ಕೌಂಟ್ ಏರಿದೆ, ಸೋಂಕು ಮಾತ್ರ ಕಾಣುತ್ತಿಲ್ಲ

ಮಳೆಗಾಲ ಶುರುವಾಯಿತೆಂದರೆ ಮುಂಬಯಿಯಲ್ಲಿ ರಕ್ತ ಪರೀಕ್ಷೆಯ ಸುಗ್ಗಿ. ಎರಡು ದಿನ ಮೈ ಬಿಸಿಯಾಗಿದ್ದರೆ ಡಾಕ್ಟರು ಮೊದಲು ಬರೆಯುವುದು ಸಿಬಿಸಿ, ಅಂದರೆ ರಕ್ತದ ಕಣಗಳನ್ನೆಲ್ಲ ಎಣಿಸುವ ಪರೀಕ್ಷೆ. ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿಜ್ವರ) ಒಟ್ಟಿಗೇ ಸುತ್ತಾಡುವ ಊರಿನಲ್ಲಿ ಅದು ಸರಿಯೇ. ಆದರೆ ಈಗ ಸಿಬಿಸಿಗೆ ಜ್ವರವೂ ಬೇಕಿಲ್ಲ, ಡಾಕ್ಟರೂ ಬೇಕಿಲ್ಲ. ಸೊಸೈಟಿಯ ಗೇಟಿನಲ್ಲಿ ‘ಫುಲ್ ಬಾಡಿ ಚೆಕಪ್’ ಬ್ಯಾನರ್, ಮೊಬೈಲಿನಲ್ಲಿ ಅರ್ಧ ಬೆಲೆಯ ಆಫರ್, ಬೆಳಗ್ಗೆ ಆರೂವರೆಗೆ ಬಾಗಿಲು ತಟ್ಟುವ ಹುಡುಗ, ಸಂಜೆಯೊಳಗೆ ವಾಟ್ಸಾಪಿಗೆ ಪಿಡಿಎಫ್. ಡಾಕ್ಟರು ನೋಡುವ ಮೊದಲೇ ಮನೆಮಂದಿಯೆಲ್ಲ ನೋಡಿರುತ್ತಾರೆ. ಕಣ್ಣು ನೇರ ಹೋಗುವುದು ದಪ್ಪ ಅಕ್ಷರದ, ಪಕ್ಕದಲ್ಲಿ ‘ಹೈ’ ಎಂದು ಬರೆದ ಸಾಲಿಗೆ.

ಆ ಸಾಲು ಬಿಳಿ ರಕ್ತಕಣಗಳದ್ದಾಗಿದ್ದರೆ ತೀರ್ಪು ಅಲ್ಲೇ ಆಗಿಬಿಡುತ್ತದೆ: ಮೈಯಲ್ಲಿ ಎಲ್ಲೋ ಇನ್‌ಫೆಕ್ಷನ್ ಇದೆ. ಕೆಳಗಿನ ಮೆಡಿಕಲ್‌ನಿಂದ ಮೂರು ದಿನದ ಆ್ಯಂಟಿಬಯೋಟಿಕ್ ಬರುತ್ತದೆ.

ಬಿಳಿ ರಕ್ತಕಣಗಳ ಎಣಿಕೆ ಏರಲು ಸೋಂಕು ಒಂದು ಕಾರಣ, ನಿಜ. ಆದರೆ ಓಡಿ ಬಂದರೂ ಏರುತ್ತದೆ. ನೋವಾದರೂ, ಹೆದರಿದರೂ, ನಿದ್ದೆಗೆಟ್ಟರೂ, ಆಪರೇಶನ್ ಆದರೂ ಏರಬಹುದು. ಸ್ಟಿರಾಯ್ಡ್ ಮಾತ್ರೆ ನುಂಗಿದರಂತೂ ಏರಿಯೇ ಏರುತ್ತದೆ. ಇವೆಲ್ಲವುಗಳ ಹಿಂದೆ ಇರುವುದು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಎರಡು ಹಾರ್ಮೋನುಗಳು. ಕಿಡ್ನಿಗಳ ನೆತ್ತಿಯ ಮೇಲೆ ಟೊಪ್ಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಬರುವಂಥವು. ಸೂಜಿ ಚುಚ್ಚುವ ಹೊತ್ತಿಗೆ ಇವುಗಳ ಮಟ್ಟ ಎಷ್ಟಿತ್ತು ಎಂದು ಸಿಬಿಸಿ ರಿಪೋರ್ಟಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದನ್ನು ನಾವೇ ಊಹಿಸಿಕೊಳ್ಳಬೇಕು.

ಮೊದಲು ಯಂತ್ರ ಎಣಿಸುವುದು ಏನನ್ನು ಅಂತ ನೋಡೋಣ. ತೋಳಿನ ರಕ್ತನಾಳದಿಂದ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಯಂತ್ರ ಅದರಲ್ಲಿ ಒಂದಿಷ್ಟನ್ನು ಎಳೆದುಕೊಂಡು ಎಣಿಸಿ, ಒಂದು ಮೈಕ್ರೋಲೀಟರಿನಲ್ಲಿ ಇಷ್ಟು ಬಿಳಿ ಕಣಗಳಿವೆ ಎನ್ನುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಇರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಗಡಿ ಸ್ವಲ್ಪ ಆಚೀಚೆ. ಇದನ್ನೇ ಟೋಟಲ್ ಕೌಂಟ್, ಟಿಎಲ್‌ಸಿ ಅಂತೆಲ್ಲ ಕರೆಯುವುದು.

ಮೈಯಲ್ಲಿರುವ ಬಿಳಿ ಕಣಗಳೆಲ್ಲ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವುಗಳಲ್ಲಿ ಹೆಚ್ಚಿನ ಪಾಲು ನ್ಯೂಟ್ರೋಫಿಲ್ ಎಂಬ ಜಾತಿಯವು. ಬ್ಯಾಕ್ಟೀರಿಯಾ ಕಂಡರೆ ಮೊದಲು ಓಡಿಹೋಗಿ ನುಂಗುವಂಥವು. ನಮ್ಮ ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ರಕ್ತಕ್ಕೆ ಇಳಿದ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಹರಿಯುವ ರಕ್ತದಲ್ಲಿ ತೇಲುತ್ತವೆ. ಉಳಿದರ್ಧ ಶ್ವಾಸಕೋಶ, ಗುಲ್ಮ, ಯಕೃತ್ತುಗಳ ಸಣ್ಣ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಸುಮ್ನೆ ಕೂತಿರುತ್ತವೆ. ಅಸ್ಥಿಮಜ್ಜೆಯಲ್ಲಿ ಹೊರಬೀಳಲು ಕಾದಿರುವ ದಾಸ್ತಾನು ಬೇರೆ. ಸೂಜಿಗೆ ಸಿಗುವುದು ತೇಲುವವು ಮಾತ್ರ.

ಲೋಕಲ್ ಗಾಡಿಯಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾದೀತು. ಮಧ್ಯಾಹ್ನ ಕಳವಾ ಕಾರ್‌ಶೆಡ್‌ನಲ್ಲಿ ನಿಂತಿರುವ ಗಾಡಿಗಳು ಸಂಜೆಯ ರಶ್ಶಿಗೆ ಹಳಿಗೆ ಬರುತ್ತವೆ. ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಣಿಸುವವನಿಗೆ ಗಾಡಿ ಜಾಸ್ತಿಯಾದ ಹಾಗೆ ಕಾಣುತ್ತದೆ. ರೈಲ್ವೆಯವರು ಹೊಸ ಗಾಡಿ ಕೊಂಡಿಲ್ಲ, ಶೆಡ್ಡಿನಲ್ಲಿದ್ದದ್ದನ್ನು ಹೊರಗೆ ಬಿಟ್ಟಿದ್ದಾರೆ, ಅಷ್ಟೇ.

ಈ ‘ಹೊರಗೆ ಬಿಡುವ’ ಕೆಲಸವನ್ನು ಮೊದಲು ಮಾಡುವುದು ಅಡ್ರಿನಲಿನ್. ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಎದೆ ಹೊಡೆದುಕೊಳ್ಳುತ್ತದೆ, ರಕ್ತ ರಭಸದಿಂದ ಹರಿಯುತ್ತದೆ, ಗೋಡೆಗೆ ಅಂಟಿದ್ದ ಕಣಗಳ ಹಿಡಿತ ಸಡಿಲವಾಗುತ್ತದೆ. ಅವು ಕಳಚಿಕೊಂಡು ಪ್ರವಾಹಕ್ಕೆ ಸೇರುತ್ತವೆ. ನ್ಯೂಟ್ರೋಫಿಲ್‌ಗಳ ಜೊತೆಗೆ ಲಿಂಫೋಸೈಟ್ ಎಂಬ ಇನ್ನೊಂದು ಜಾತಿಯೂ ಈ ಹಂತದಲ್ಲಿ ಏರುತ್ತದೆ. ಅದರಲ್ಲೂ ‘ನ್ಯಾಚುರಲ್ ಕಿಲ್ಲರ್’ ಎಂಬ ಒಳಜಾತಿ ಎಲ್ಲಕ್ಕಿಂತ ಬೇಗ ಏಳುತ್ತದೆ, ಅವುಗಳ ಮೈಮೇಲೆ ಅಡ್ರಿನಲಿನ್ ಹಿಡಿಯುವ ಕೊಂಡಿಗಳು ಜಾಸ್ತಿ. ಕಾರಣ ಹೋದ ಮೇಲೆ ಇದೆಲ್ಲ ಬೇಗನೇ ಇಳಿಯುತ್ತದೆ. ಸ್ವಲ್ಪದರಲ್ಲಿ ಮುಗಿದ ಗಾಬರಿಯಾದರೆ ಗಂಟೆಯೊಳಗೆ ಗುರುತೂ ಉಳಿಯುವುದಿಲ್ಲ.

ಇದು ಹೊಸ ಸಂಗತಿಯೇನೂ ಅಲ್ಲ. 1902ರಲ್ಲೇ ಅಮೆರಿಕದ ರಾಲ್ಫ್ ಲಾರಬೀ ಎಂಬ ವೈದ್ಯ ಬಾಸ್ಟನ್ ಮ್ಯಾರಥಾನ್ ಓಡಿದ ನಾಲ್ವರ ರಕ್ತ ಪರೀಕ್ಷಿಸಿ ಬರೆದಿದ್ದರು. ಓಟಕ್ಕೆ ಮೊದಲು ಸರಿಯಾಗಿದ್ದ ಎಣಿಕೆ ಓಟದ ಕೊನೆಗೆ ಸೋಂಕು ತಗಲಿದವರ ಎಣಿಕೆಯ ಹಾಗೆ ಏರಿತ್ತು. ಆಗಿನ್ನೂ ‘ಹಾರ್ಮೋನ್’ ಎಂಬ ಪದವೇ ವೈದ್ಯರ ಬಾಯಿಗೆ ಬಂದಿರಲಿಲ್ಲ. ಜನವರಿಯಲ್ಲಿ ಮುಂಬಯಿ ಮ್ಯಾರಥಾನ್ ಓಡುವ ನಮ್ಮವರೂ ಗುರಿ ಮುಟ್ಟಿದ ಕೂಡಲೇ ರಕ್ತ ಕೊಟ್ಟರೆ ಎಣಿಕೆ ಎರಡು ಮೂರು ಪಟ್ಟು ಕಂಡೀತು. ಯಾರೂ ಅಲ್ಲಿ ಆ್ಯಂಟಿಬಯೋಟಿಕ್ ಹಂಚುವುದಿಲ್ಲವಲ್ಲ!

ಮ್ಯಾರಥಾನೇ ಬೇಕೆಂದಿಲ್ಲ. ದಾದರಿನ ಸೇತುವೆ ಹತ್ತಿ ಇಳಿದು, ಹೊರಟ ಗಾಡಿಗೆ ಓಡಿ ಜಿಗಿದು, ಘಾಟ್‌ಕೋಪರಿನಲ್ಲಿ ಜನರನ್ನು ತಳ್ಳಿಕೊಂಡು ಇಳಿದು, ಲ್ಯಾಬಿನ ಎರಡನೇ ಮಾಳಿಗೆಗೆ ಮೆಟ್ಟಿಲು ಹತ್ತಿದವರ ತೋಳಿಗೆ ಕೂಡಲೇ ಪಟ್ಟಿ ಬಿಗಿದರೆ ಎಣಿಕೆ ಸ್ವಲ್ಪವಾದರೂ ಮೇಲೆಯೇ ಇರುತ್ತದೆ. ಸೂಜಿ ಕಂಡರೆ ಕಿರುಚಿ ಕೈಕಾಲು ಬಡಿಯುವ ಮಕ್ಕಳಲ್ಲಂತೂ ಇದನ್ನು ಮಕ್ಕಳ ಡಾಕ್ಟರು ಮನಸ್ಸಿನಲ್ಲಿಟ್ಟುಕೊಂಡೇ ರಿಪೋರ್ಟ್ ಓದುತ್ತಾರೆ.

ಕಾರ್ಟಿಸಾಲ್‌ನದ್ದು ಬೇರೆ ನಡಿಗೆ. ಅದು ನಿಧಾನ, ಆದರೆ ಅದರ ಪರಿಣಾಮ ಬೇಗ ಅಳಿಯುವುದಿಲ್ಲ. ಮೆದುಳಿನ ಹೈಪೋಥಲಾಮಸ್‌ನಿಂದ ಪಿಟ್ಯುಟರಿಗೆ, ಅಲ್ಲಿಂದ ಅಡ್ರಿನಲ್ ಗ್ರಂಥಿಗೆ ಆಜ್ಞೆ ಹೋಗಿ ಕಾರ್ಟಿಸಾಲ್ ಹೊರಬಂದು, ಎಣಿಕೆಯಲ್ಲಿ ಅದರ ಗುರುತು ಚೆನ್ನಾಗಿ ಕಾಣಲು ನಾಲ್ಕಾರು ಗಂಟೆ ಬೇಕು. ಅದು ಮೂರು ಕಡೆ ಕೈಯಾಡಿಸುತ್ತದೆ. ಅಸ್ಥಿಮಜ್ಜೆಯ ದಾಸ್ತಾನಿನಿಂದ ನ್ಯೂಟ್ರೋಫಿಲ್‌ಗಳನ್ನು ಹೊರಡಿಸುತ್ತದೆ. ಗೋಡೆಗೆ ಅಂಟಿದ್ದವನ್ನು ಬಿಡಿಸುತ್ತದೆ, ರಕ್ತದಿಂದ ಅಂಗಾಂಶಗಳ ಕಡೆಗೆ ಇಳಿಯದಂತೆ ತಡೆಯುತ್ತದೆ. ಸಾಯಬೇಕಾದ ನ್ಯೂಟ್ರೋಫಿಲ್‌ಗಳ ಆಯುಸ್ಸನ್ನೂ ಒಂದಿಷ್ಟು ಎಳೆಯುತ್ತದೆ. ಒಳಬರುವವು ಜಾಸ್ತಿ, ಹೊರಹೋಗುವವು ಕಡಿಮೆ. ಎಣಿಕೆ ಏರದೆ ಇನ್ನೇನಾಗುತ್ತದೆ?

ಲಿಂಫೋಸೈಟ್‌ಗಳಿಗೆ ಮಾತ್ರ ಕಾರ್ಟಿಸಾಲ್ ತದ್ವಿರುದ್ಧ. ಅಡ್ರಿನಲಿನ್ ಎಬ್ಬಿಸಿದ್ದ ಅವೇ ಕಣಗಳನ್ನು ಇದು ರಕ್ತದಿಂದ ಅಸ್ಥಿಮಜ್ಜೆಗೂ ದುಗ್ಧಗ್ರಂಥಿಗಳಿಗೂ ವಾಪಸು ಕಳಿಸುತ್ತದೆ. ಇಯೊಸಿನೋಫಿಲ್‌ಗಳಂತೂ ರಕ್ತದಿಂದ ಹೆಚ್ಚುಕಡಿಮೆ ಮಾಯವಾಗುತ್ತವೆ. ಅಲರ್ಜಿ, ಜಂತುಹುಳ ಇದ್ದಾಗ ಏರುವ ಕಣಗಳು ಇವೇ. ನಮ್ಮ ಊರಿನವರು ‘ಈಸ್ನೋಫಿಲಿಯಾ’ ಎಂದು ಕೆಮ್ಮಿಗೆಲ್ಲ ಹೆಸರಿಡುತ್ತಾರಲ್ಲ, ಅದರ ಮೂಲಪುರುಷರು.

1948ರಲ್ಲಿ ಜಾರ್ಜ್ ಥಾರ್ನ್ ಎಂಬ ಅಮೆರಿಕನ್ ವೈದ್ಯ ಈ ಮಾಯವಾಗುವಿಕೆಯನ್ನೇ ಪರೀಕ್ಷೆ ಮಾಡಿಕೊಂಡರು. ಕಾರ್ಟಿಸಾಲನ್ನು ರಕ್ತದಲ್ಲಿ ಅಳೆಯುವ ಸುಲಭದ ದಾರಿ ಆಗ ಇರಲಿಲ್ಲ. ಅಡ್ರಿನಲ್ ಗ್ರಂಥಿಯನ್ನು ಕೆರಳಿಸುವ ಎಸಿಟಿಎಚ್ ಹಾರ್ಮೋನ್ ಚುಚ್ಚಿ, ನಾಲ್ಕು ಗಂಟೆ ಬಿಟ್ಟು ಇಯೊಸಿನೋಫಿಲ್ ಎಣಿಸುವುದು. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಗ್ರಂಥಿ ಕೆಲಸ ಮಾಡುತ್ತಿದೆ, ಇಳಿಯದಿದ್ದರೆ ಸಂಶಯ. ಹಾರ್ಮೋನನ್ನು ಅಳೆಯಲಾಗದಾಗ ಕಣ ಎಣಿಸಿ ಹಾರ್ಮೋನಿನ ಅಂದಾಜು ಹಿಡಿದರು. ಈಗ ಆ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಕಾರ್ಟಿಸಾಲ್ ಅಳೆಯುವುದೇ ಸುಲಭವಾಗಿದೆ. ಆದರೆ ಅದರ ಹಿಂದಿನ ಬುದ್ಧಿ ಇವತ್ತಿಗೂ ಸಿಬಿಸಿ ಓದುವಾಗ ಉಪಯೋಗಕ್ಕೆ ಬರುತ್ತದೆ.

ಹೇಗೆ ಅಂತೀರಾ? ನನ್ನ ಪರಿಚಯದವರೊಬ್ಬರ ರಿಪೋರ್ಟನ್ನೇ ನೋಡಿ. ಚೆಂಬೂರಿನಲ್ಲಿ ಹೋಟೆಲ್ ಮ್ಯಾನೇಜರ್, ಕುಂದಾಪುರ ಕಡೆಯವರು, ಐವತ್ತೈದು ದಾಟಿದೆ. ಸಂಘವೊಂದು ಭಾನುವಾರ ಇಟ್ಟಿದ್ದ ಉಚಿತ ಶಿಬಿರದಲ್ಲಿ ರಕ್ತ ಕೊಟ್ಟಿದ್ದರು. ಸೋಮವಾರ ಫೋನು ಬಂತು.

“ಕೌಂಟ್ ಹದಿಮೂರು ಸಾವಿರದ ಎಂಟುನೂರು ಉಂಟು ಮಾರಾಯ್ರೆ. ಇನ್‌ಫೆಕ್ಷನ್ ಅಂತೆ. ಮಾತ್ರೆ ಶುರು ಮಾಡಿದೆ.”

“ಜ್ವರ ಉಂಟಾ ಶೆಟ್ರೆ?”

“ಎಂಥದ್ದೂ ಇಲ್ಲ. ಮೊಣಕಾಲು ನೋವು ಇತ್ತು, ಅದೂ ಶುಕ್ರವಾರ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಪೂರ್ತಿ ಹೋಗಿದೆ.”

ಕತೆ ಅಲ್ಲೇ ಇತ್ತು. ಮೊಣಕಾಲಿಗೆ ಕೊಟ್ಟದ್ದು ಸ್ಟಿರಾಯ್ಡ್. ಸ್ಟಿರಾಯ್ಡ್ ಅಂದರೆ ಕಾರ್ಟಿಸಾಲ್‌ನ ತಮ್ಮನೋ ಅಣ್ಣನೋ, ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. ಕೀಲಿಗೆ ಚುಚ್ಚಿದರೂ ಒಂದಿಷ್ಟು ರಕ್ತಕ್ಕೆ ಸೇರುತ್ತದೆ. ಅವರ ರಿಪೋರ್ಟಿನ ಕೆಳಗಿನ ಸಾಲುಗಳು ಹೀಗಿದ್ದವು: ನ್ಯೂಟ್ರೋಫಿಲ್ ಶೇ 84, ಲಿಂಫೋಸೈಟ್ ಶೇ 11, ಮೊನೋಸೈಟ್ (ಬಿಳಿ ಕಣಗಳ ಇನ್ನೊಂದು ಜಾತಿ) ಶೇ 5, ಇಯೊಸಿನೋಫಿಲ್ ಸೊನ್ನೆ. ಥಾರ್ನ್ ಇದ್ದಿದ್ದರೆ ಆ ಸೊನ್ನೆಯ ಮೇಲೆ ಮೊದಲು ಬೆರಳಿಡುತ್ತಿದ್ದರೋ ಏನೋ. ಮೂರು ಸಾಲೂ ಕಾರ್ಟಿಸಾಲ್ ಮಾದರಿಯಲ್ಲೇ ಇವೆ: ಮೊದಲನೆಯದು ಮೇಲೆ, ಎರಡನೆಯದು ಕೆಳಗೆ, ಇಯೊಸಿನೋಫಿಲ್ ನಾಪತ್ತೆ. ಪುಸ್ತಕಗಳಲ್ಲಿ ಇದಕ್ಕೆ ‘ಸ್ಟ್ರೆಸ್ ಲ್ಯೂಕೋಗ್ರಾಂ’ ಎಂದೇ ಹೆಸರು. ಪಶುವೈದ್ಯರು ಈ ಮಾತನ್ನು ಮನುಷ್ಯರ ಡಾಕ್ಟರುಗಳಿಗಿಂತ ಜಾಸ್ತಿ ಬಳಸುತ್ತಾರೆ.

ಅವರಿಗೆ ಇನ್ನೊಂದು ಚಿಂತೆಯೂ ಹತ್ತಿತ್ತು. ಲಿಂಫೋಸೈಟ್ ಶೇ 20ರಿಂದ 40 ಇರಬೇಕಿತ್ತು, ತನ್ನದು 11, ಹಾಗಾದರೆ ಇಮ್ಯುನಿಟಿ ಹೋಯಿತೇ ಅಂತ. ಶೇಕಡಾ ಲೆಕ್ಕದ ಮೋಸ ಇದು. 13,800ರಲ್ಲಿ ಶೇ 11 ಅಂದರೆ 1,518. ದೊಡ್ಡವರಲ್ಲಿ ಲಿಂಫೋಸೈಟ್ ಸುಮಾರು 1,000ದಿಂದ 3,000 ಇದ್ದರೆ ಸಾಕು. ಅವು ಇರಬೇಕಾದ ಮಿತಿಗಿಂತ ಕೆಳಗಿಳಿದಿಲ್ಲ, ನ್ಯೂಟ್ರೋಫಿಲ್ 11,592ಕ್ಕೆ ಹಾರಿದ್ದರಿಂದ ಇವುಗಳ ಪಾಲು ಚಿಕ್ಕದಾಗಿ ಕಂಡಿತು. ಬಹಳ ರಿಪೋರ್ಟುಗಳಲ್ಲಿ ‘ಅಬ್ಸಲ್ಯೂಟ್ ಕೌಂಟ್’ ಎಂದು ಈ ಗುಣಾಕಾರ ಮಾಡಿಯೇ ಕೊಟ್ಟಿರುತ್ತಾರೆ. ಅದು ಎರಡನೇ ಪುಟದಲ್ಲಿರುತ್ತದೆ, ಎರಡನೇ ಪುಟವನ್ನು ಯಾರೂ ತೆರೆಯುವುದಿಲ್ಲ. ಅವರು ಮಾತ್ರೆ ಬರೆಯಿಸಿಕೊಂಡಿರಲಿಲ್ಲ; ಮನೆ ಹತ್ತಿರದ ಡಾಕ್ಟರನ್ನು ನೋಡಿದ ಮೇಲೆ ಅದನ್ನು ನಿಲ್ಲಿಸಿದರು. ಎರಡು ವಾರ ಬಿಟ್ಟು ಮಾಡಿಸಿದ ಎಣಿಕೆ 7,900.

ಸ್ಟಿರಾಯ್ಡ್ ವಿಷಯ ಇನ್ನೂ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಅದು ಎಲ್ಲಿಂದ ಮೈಗೆ ಸೇರಿತು ಎಂದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ಮೊದಲು ಸಂಧಿವಾತದ ರೋಗಿಗೆ ಕೊಟ್ಟದ್ದು 1948ರಲ್ಲೇ, ಮೇಯೊ ಕ್ಲಿನಿಕ್‌ನಲ್ಲಿ. ಆ ಕೆಲಸಕ್ಕೆ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ 1950ರಲ್ಲಿ ನೊಬೆಲ್ ಬಂತು. ಎಪ್ಪತ್ತು ವರ್ಷ ಕಳೆದು 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಸಾವನ್ನು ತಗ್ಗಿಸುತ್ತದೆ ಎಂದು ತೋರಿಸಿತು. ಕೊಟ್ಟದ್ದು ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಆಮೇಲೆ ಈ ಊರಿನ ವಾರ್ಡುಗಳಲ್ಲೆಲ್ಲ ಒಂದು ಪ್ರಶ್ನೆ ಎದ್ದಿತು: ರೋಗಿಯ ಕೌಂಟ್ 16,000 ಆಗಿದೆ, ಇದು ಸ್ಟಿರಾಯ್ಡ್‌ನ ಕೆಲಸವೋ, ಹೊಸ ಸೋಂಕೋ? ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ 15,000, 20,000 ಕಂಡರೂ ಅದೊಂದೇ ಕಾರಣಕ್ಕೆ ಡಾಕ್ಟರು ಬೆಚ್ಚುವುದಿಲ್ಲ. ಔಷಧ ಮುಂದುವರಿದಷ್ಟು ದಿನ ಏರಿಕೆಯೂ ಉಳಿಯಬಹುದು.

ಮೊಣಕಾಲಿನ ಇಂಜೆಕ್ಷನ್, ಉಬ್ಬಸ ಜಾಸ್ತಿಯಾದಾಗಿನ ಐದು ದಿನದ ಮಾತ್ರೆ, ಚರ್ಮದ ತುರಿಕೆಗೆ ಕೊಟ್ಟ ಇಂಜೆಕ್ಷನ್, ಎಲ್ಲವೂ ಇದೇ ಮನೆತನ. ‘ಬರೀ ಗಿಡಮೂಲಿಕೆ’ ಎಂದು ಕೀಲುನೋವಿಗೆ ಮಾರುವ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಡಾಕ್ಟರು ಕೇಳಿದಾಗ “ಇಂಗ್ಲಿಷ್ ಮದ್ದು ಏನೂ ಇಲ್ಲ” ಎನ್ನುವವರು ಆ ಪುಡಿಯ ಡಬ್ಬಿಯನ್ನೂ ತೋರಿಸಿದರೆ ಒಳ್ಳೆಯದು. ಒಂದು ಎಚ್ಚರಿಕೆ: ದಿನವೂ ಸ್ಟಿರಾಯ್ಡ್ ನುಂಗುವವರು ಇದನ್ನೋದಿ ಸಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಮೈ ತನ್ನ ಕಾರ್ಟಿಸಾಲ್ ತಯಾರಿಸಲಾಗದೆ ಪ್ರಾಣಕ್ಕೇ ಬರಬಹುದು.

ಹಾಗಾದರೆ ಸೋಂಕಿನ ಏರಿಕೆಯನ್ನೂ ಹಾರ್ಮೋನಿನ ಏರಿಕೆಯನ್ನೂ ಬೇರೆ ಮಾಡುವುದು ಹೇಗೆ? ಒಂದೇ ಸಂಖ್ಯೆಯಿಂದ ಆಗುವುದಿಲ್ಲ. ಪೆಥಾಲಜಿಸ್ಟ್ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಬ್ಯಾಕ್ಟೀರಿಯಾ ಸೋಂಕು ಜೋರಾಗಿದ್ದರೆ ಅಸ್ಥಿಮಜ್ಜೆ ಇನ್ನೂ ಬಲಿಯದ ನ್ಯೂಟ್ರೋಫಿಲ್‌ಗಳನ್ನೂ ಹೊರಗೆ ತಳ್ಳುತ್ತದೆ. ಬಲಿತದ್ದರ ನ್ಯೂಕ್ಲಿಯಸ್ ಮೂರು ನಾಲ್ಕು ತುಂಡಾದ ಹಾಗಿರುತ್ತದೆ, ಎಳೆಯದರದ್ದು ಬಾಗಿದ ಪಟ್ಟಿಯ ಹಾಗೆ. ಇವಕ್ಕೆ ‘ಬ್ಯಾಂಡ್’ ಎನ್ನುತ್ತಾರೆ. ಕಣದೊಳಗೆ ಕಪ್ಪು ಕಪ್ಪು ಒರಟು ಚುಕ್ಕೆಗಳೂ ಕಾಣಬಹುದು. ಸ್ಟಿರಾಯ್ಡ್ ಅಥವಾ ಒತ್ತಡದ ಏರಿಕೆಯಲ್ಲಿ ಬಲಿತವೇ ಜಾಸ್ತಿ, ಎಳೆಯವು ಅಪರೂಪ. ಜೊತೆಗೆ ಜ್ವರ, ನಾಡಿ, ಸಿಆರ್‌ಪಿ, ಪ್ರೋಕ್ಯಾಲ್ಸಿಟೋನಿನ್ (ಕೊನೆಯ ಎರಡೂ ಉರಿಯೂತ, ಸೋಂಕು ಇದ್ದಾಗ ರಕ್ತದಲ್ಲಿ ಏರುವಂಥವು) ನೋಡುತ್ತಾರೆ. ಇದರಲ್ಲೂ ಒಂದು ತಕರಾರಿದೆ. ಸ್ಟಿರಾಯ್ಡ್ ಸಿಆರ್‌ಪಿಯನ್ನೂ ಜ್ವರವನ್ನೂ ತಗ್ಗಿಸುತ್ತದೆ. ಆದ್ದರಿಂದ ಸ್ಟಿರಾಯ್ಡ್‌ನಲ್ಲಿರುವವರ ‘ನಾರ್ಮಲ್’ ಸಿಆರ್‌ಪಿಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕೊನೆಗೆ ಉಳಿಯುವುದು ರೋಗಿಯನ್ನು ಕೂರಿಸಿಕೊಂಡು ನೋಡುವ ಹಳೇ ದಾರಿ, ಮತ್ತು ಎರಡು ದಿನ ಬಿಟ್ಟು ಇನ್ನೊಂದು ಎಣಿಕೆ.

ಇದರ ಉಲ್ಟಾ ತಪ್ಪೂ ಮುಂಬಯಿಯಲ್ಲಿ ಅಷ್ಟೇ ಸಾಮಾನ್ಯ. ಕೌಂಟ್ ಏರಿಲ್ಲ, ಹಾಗಾಗಿ ಏನೂ ಇಲ್ಲ ಎನ್ನುವುದು. ಡೆಂಗಿಯಲ್ಲಿ ಬಿಳಿ ಕಣ ಇಳಿಯುತ್ತವೆ, 4,000ದ ಕೆಳಗೂ ಹೋಗುತ್ತವೆ. ಟೈಫಾಯ್ಡ್‌ನಲ್ಲಿ ಹಲವರಿಗೆ ಕಡಿಮೆ ಅಥವಾ ನಾರ್ಮಲ್. ಮಲೇರಿಯಾದಲ್ಲೂ ಹಾಗೆಯೇ. ನೀರು ನಿಂತ ರಸ್ತೆಯಲ್ಲಿ ನಡೆದು ಬರುವ ಲೆಪ್ಟೊದಲ್ಲಿ ಮಾತ್ರ ನ್ಯೂಟ್ರೋಫಿಲ್ ಏರುವುದು ಜಾಸ್ತಿ. ಅಂದರೆ ಜುಲೈ ತಿಂಗಳಲ್ಲಿ, ಜ್ವರ ಬಂದು, ಯಾರೋ ಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನೂ ನುಂಗಿದ ಡೆಂಗಿ ರೋಗಿಯ ಕೌಂಟ್ ಏರದೆ ಇಳಿಯದೆ ‘ಸರಿಯಾಗಿ’ ಕಾಣುವ ಸಾಧ್ಯತೆಯೂ ಇದೆ. ಸಂಖ್ಯೆಯೊಂದನ್ನೇ ಹಿಡಿದು ಕೂತರೆ ಎರಡೂ ಕಡೆ ಎಡವಬಹುದು.

ಇಲ್ಲಿಯವರೆಗೆ ಹೇಳಿದ್ದು ಗಂಟೆಗಳ, ದಿನಗಳ ಮಾತು. ತಿಂಗಳುಗಟ್ಟಲೆ ಇರುವ ಒತ್ತಡ? ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನವೂ ನಿಂತೇ ಹೋಗುವ ಹೆಂಗಸು, ಮಲಾಡಿನ ಕಾಲ್‌ಸೆಂಟರಿನಲ್ಲಿ ರಾತ್ರಿಪಾಳಿಯ ಹುಡುಗ, ನಸುಕಿಗೆ ಎದ್ದು ಇಡ್ಲಿ ಹಿಟ್ಟು ಹೊಯ್ದು ರಾತ್ರಿ ಹನ್ನೆರಡಕ್ಕೆ ಗಲ್ಲಾ ಮುಚ್ಚುವ ಹೋಟೆಲಿನವರು, ಇವರ ಬಿಳಿ ಕಣಗಳ ಗತಿಯೇನು?

“ಟೆನ್ಶನ್‌ನಿಂದ ಇಮ್ಯುನಿಟಿ ಬೀಳುತ್ತದೆ, ಕೌಂಟ್ ಕಡಿಮೆಯಾಗುತ್ತದೆ” ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಬೆನ್ನಿಗೆ ಇಮ್ಯುನಿಟಿ ಹೆಚ್ಚಿಸುವ ಕಷಾಯ, ಜ್ಯೂಸ್, ಪುಡಿ. ನನಗೆ ಈ ಮಾತಿನ ಮೊದಲ ಅರ್ಧದಲ್ಲಿ ಸ್ವಲ್ಪ ನಿಜ ಕಾಣುತ್ತದೆ, ಎರಡನೇ ಅರ್ಧದಲ್ಲಿ ಇಲ್ಲ.

ಮೊದಲ ಅರ್ಧಕ್ಕೆ ಒಳ್ಳೆಯ ಸಾಕ್ಷಿ 1991ರದ್ದು. ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು ಬ್ರಿಟನ್ನಿನಲ್ಲಿ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಹಾಕಿದರು. ಹಾಕುವ ಮೊದಲು ಅವರ ಜೀವನದಲ್ಲಿ ಎಷ್ಟು ಒತ್ತಡವಿದೆ ಎಂದು ಕೇಳಿ ಅಳೆದಿಟ್ಟುಕೊಂಡಿದ್ದರು. ಒತ್ತಡ ಜಾಸ್ತಿಯಿದ್ದಷ್ಟೂ ಸೋಂಕು ಹಿಡಿದವರು ಜಾಸ್ತಿ. ಬಹಳ ಸಲ ಉಲ್ಲೇಖವಾಗುವ ಪ್ರಯೋಗ ಇದು. ಆದರೆ ಅದರ ಇನ್ನೊಂದು ಸಾಲನ್ನು ಯಾರೂ ಹೇಳುವುದಿಲ್ಲ. ಸಿಗರೇಟು, ಕುಡಿತ, ನಿದ್ದೆ, ಊಟದ ಜೊತೆಗೆ ಬಿಳಿ ಕಣಗಳ ಎಣಿಕೆಯನ್ನೂ ಅವರು ನೋಡಿದ್ದರು. ಒತ್ತಡಕ್ಕೂ ನೆಗಡಿಗೂ ಇದ್ದ ನಂಟನ್ನು ಆ ಎಣಿಕೆ ವಿವರಿಸಲಿಲ್ಲ. ಒತ್ತಡ ಮೈಯನ್ನು ತಟ್ಟಿದ್ದು ನಿಜ, ಅದು ಕೌಂಟಿನಲ್ಲಿ ಕಾಣಿಸಲಿಲ್ಲ.

2004ರಲ್ಲಿ ಸೆಗರ್‌ಸ್ಟ್ರೋಮ್ ಮತ್ತು ಮಿಲ್ಲರ್ ಸುಮಾರು 300 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಇಂಥದೇ ಚಿತ್ರ. ನಿಮಿಷಗಳ ಒತ್ತಡ ಕೆಲವು ರಕ್ಷಣೆಗಳನ್ನು ಎಬ್ಬಿಸುತ್ತದೆ. ವರ್ಷಗಟ್ಟಲೆ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವಂಥ, ಕೆಲಸವಿಲ್ಲದೆ ಕೂರುವಂಥ ಒತ್ತಡ ಕಣಗಳ ಕೆಲಸವನ್ನು ಕುಗ್ಗಿಸುತ್ತದೆ. ಸಿಬಿಸಿ ಕೆಲಸವನ್ನು ಅಳೆಯುವುದಿಲ್ಲ, ತಲೆ ಎಣಿಸುತ್ತದೆ. 9,000 ಬಿಳಿ ಕಣ ಇರುವವರಿಗೆ 5,000 ಇರುವವರಿಗಿಂತ ಎರಡು ಪಟ್ಟು ರಕ್ಷಣೆ ಅಂತೇನೂ ಇಲ್ಲ.

ದೀರ್ಘ ಒತ್ತಡದಲ್ಲಿ ಎಣಿಕೆ ಏನಾದರೂ ಆಗುವುದಿದ್ದರೆ ಇಳಿಯುವ ಬದಲು ಸ್ವಲ್ಪ ಏರಬಹುದು ಎಂದು 2014ರ ಒಂದು ಅಧ್ಯಯನ ತೋರಿಸಿದೆ. ಐಸಿಯುನಲ್ಲಿ ಒಂದು ವಾರ ದುಡಿದ 29 ಕಿರಿಯ ವೈದ್ಯರ ರಕ್ತದಲ್ಲಿ ನ್ಯೂಟ್ರೋಫಿಲ್, ಮೊನೋಸೈಟ್ ಎರಡೂ ಏರಿದ್ದವು. ಇಲಿಗಳಲ್ಲಿ ಮುಂದುವರಿಸಿ ನೋಡಿದಾಗ, ನರಗಳ ತುದಿಯಿಂದ ಬರುವ ನಾರಡ್ರಿನಲಿನ್ ಅಸ್ಥಿಮಜ್ಜೆಯ ಮೂಲಕಣಗಳನ್ನೇ ಬಡಿದೆಬ್ಬಿಸಿ ಉತ್ಪಾದನೆ ಹೆಚ್ಚಿಸುತ್ತಿತ್ತು. ಹೀಗೆ ಏರಿದ ಕಣಗಳು ರಕ್ತನಾಳದ ಗೋಡೆಯ ಕೊಬ್ಬಿನ ಗಂಟುಗಳಿಗೆ ಸೇರಿ ಉರಿಯೂತ ಹೆಚ್ಚಿಸುತ್ತವೆ. ಒತ್ತಡಕ್ಕೂ ಹೃದಯಾಘಾತಕ್ಕೂ ಇರುವ ನಂಟಿನ ಒಂದು ಎಳೆ ಇಲ್ಲಿದೆ ಎಂದು ಸಂಶೋಧಕರ ವಾದ. 2022ರ ಇನ್ನೊಂದು ಇಲಿಗಳ ಅಧ್ಯಯನ ಮೆದುಳಿನಲ್ಲಿ ಎರಡು ಬೇರೆ ಬೇರೆ ದಾರಿಗಳನ್ನೇ ಗುರುತಿಸಿತು. ಚಲನೆಯ ಭಾಗ ಸ್ನಾಯುಗಳ ಮೂಲಕ ನ್ಯೂಟ್ರೋಫಿಲ್‌ಗಳನ್ನು ಹೊರಡಿಸುತ್ತದೆ. ಹೈಪೋಥಲಾಮಸ್‌ನ ಒಂದು ಭಾಗ ಕಾರ್ಟಿಸಾಲ್ ವರ್ಗದ ಹಾರ್ಮೋನ್ ಬಳಸಿ ಲಿಂಫೋಸೈಟ್, ಮೊನೋಸೈಟ್‌ಗಳನ್ನು ಅಸ್ಥಿಮಜ್ಜೆಗೆ ಕರೆಸಿಕೊಳ್ಳುತ್ತದೆ. ಇಲಿಯದು ಇಲಿಗೆ. ಮನುಷ್ಯರಲ್ಲಿ ಹೀಗೇ ಎಂದು ಹೇಳಲು ಇನ್ನೂ ಕೆಲಸ ಬಾಕಿಯಿದೆ.

ಒತ್ತಡದ ಮಾತು ಬಂದಾಗ ಇನ್ನೊಂದು ಅತಿಯನ್ನೂ ನೋಡುತ್ತೇನೆ. ಕೌಂಟ್ ವರ್ಷದಿಂದಲೂ 11,500 ಆಸುಪಾಸಿನಲ್ಲೇ ಇದ್ದರೆ “ಅಯ್ಯೋ, ಎಲ್ಲಾ ಟೆನ್ಶನ್” ಎಂದು ಕೈ ತೊಳೆದುಕೊಳ್ಳುವುದು. ಸುಮ್ಮನೆ ಹೀಗೆ ಸ್ವಲ್ಪ ಮೇಲೆ ನಿಂತ ಕೌಂಟಿಗೆ ಬಹಳ ಸಾಮಾನ್ಯ ಕಾರಣ ಸಿಗರೇಟು. ಸೊಂಟದ ಸುತ್ತಿನ ಕೊಬ್ಬು ಇನ್ನೊಂದು. ಒಸಡಿನ ಹಳೇ ಕಾಯಿಲೆಯೂ ಆಗಬಹುದು. ಇವು ಹೇಳಿಕೊಳ್ಳಲು ಕಷ್ಟ, ಟೆನ್ಶನ್ ಅಂದರೆ ಮರ್ಯಾದೆ ಉಳಿಯುತ್ತದೆ, ಅಲ್ವಾ? ಬಸುರಿಯರಲ್ಲಿ 15,000ದವರೆಗೂ ಏರುವುದು ಸಹಜ, ಹೆರಿಗೆಯ ಹೊತ್ತಿಗೆ ಅದಕ್ಕಿಂತ ಬಹಳ ಮೇಲೂ ಹೋಗುತ್ತದೆ. ಅದಕ್ಕೂ ಗಾಬರಿ ಬೇಡ.

ಆದರೆ ಯಾವ ಟೆನ್ಶನ್ನೂ ಕೌಂಟನ್ನು 40,000 ಮಾಡುವುದಿಲ್ಲ. 30,000 ದಾಟಿದ್ದು, ವಾರಗಳಾದರೂ ಇಳಿಯದ್ದು, ಜೊತೆಗೆ ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಕುಸಿದದ್ದು, ರಿಪೋರ್ಟಿನಲ್ಲಿ ‘ಬ್ಲಾಸ್ಟ್’ (ತೀರಾ ಎಳೆಯ ಕಣ) ಎಂಬ ಪದ ಕಂಡದ್ದು, ರಾತ್ರಿ ಬೆವರಿ ತೂಕ ಇಳಿಯುತ್ತಿರುವುದು, ವಯಸ್ಸಾದವರಲ್ಲಿ ನ್ಯೂಟ್ರೋಫಿಲ್ ಬಿಟ್ಟು ಲಿಂಫೋಸೈಟೇ ಏರುತ್ತಾ ಹೋಗುತ್ತಿರುವುದು, ಇವುಗಳಲ್ಲಿ ಯಾವುದಿದ್ದರೂ ರಕ್ತರೋಗ ತಜ್ಞರ ಹತ್ತಿರ ಹೋಗಬೇಕು. ತಡ ಮಾಡುವಂತಿಲ್ಲ. ಹಾಗೆಯೇ ಚಳಿ ನಡುಗಿ ಜ್ವರ, ಉಸಿರಾಟದ ತೊಂದರೆ, ಮಂಪರು ಇದ್ದರೆ ಕೌಂಟ್ ಎಷ್ಟಿದೆ ಎಂದು ನೋಡುತ್ತಾ ಕೂರುವ ಪ್ರಶ್ನೆಯೇ ಇಲ್ಲ.

ಕೆಲವು ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ಮಾರುವಾಗ ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು ಎಂಬ ‘ಶೆಡ್ಯೂಲ್ ಎಚ್1’ ನಿಯಮ 2014ರಿಂದ ಜಾರಿಯಲ್ಲಿದೆ. ಉಳಿದವಕ್ಕೂ ಚೀಟಿ ಬೇಕೇ ಬೇಕು. ಚೀಟಿ ಕೇಳದ ಮೆಡಿಕಲ್‌ಗಳು ಎಲ್ಲ ನಾಕಾದಲ್ಲೂ ಇವೆ, ನಮಗೆ ಗೊತ್ತಿದೆ. ಅಲ್ಲಿಗೆ ಹೋಗುವವರ ಕೈಯಲ್ಲಿ ಈಗ ಚೀಟಿಯ ಬದಲು ಲ್ಯಾಬಿನ ಪಿಡಿಎಫ್ ಇರುತ್ತದೆ. ‘ಹೈ’ ಎಂಬ ಅಕ್ಷರವೇ ಪ್ರಿಸ್ಕ್ರಿಪ್ಶನ್ ಆಗಿಬಿಟ್ಟಿದೆ. ಲ್ಯಾಬಿನವರನ್ನು ಬೈದು ಪ್ರಯೋಜನವಿಲ್ಲ, ಅವರ ಯಂತ್ರ ಸರಿಯಾಗಿಯೇ ಎಣಿಸಿದೆ. ಆ ಸಂಖ್ಯೆಗೆ ಹಿನ್ನೆಲೆ ಕೊಡುವವರು ನಡುವೆ ಇಲ್ಲ ಎನ್ನುವುದೇ ತೊಂದರೆ.

ನಮ್ಮ ಸಂಘಗಳು ಇಲ್ಲಿ ಏನಾದರೂ ಮಾಡಬಹುದು. ಥಾಣೆ, ಮುಲುಂಡ್, ಡೊಂಬಿವಲಿ, ವಸಾಯಿಯ ಕನ್ನಡ, ತುಳು ಸಂಘಗಳು ವರ್ಷಕ್ಕೊಮ್ಮೆಯಾದರೂ ಆರೋಗ್ಯ ಶಿಬಿರ ಇಡುತ್ತವೆ. ಬಂದವರ ಹೆಸರು, ವಯಸ್ಸು, ಮೊಬೈಲ್ ನಂಬರ್ ಬರೆದುಕೊಳ್ಳುತ್ತಾರೆ. ಅದೇ ಕಾಗದದಲ್ಲಿ ನಾಲ್ಕು ಗೆರೆ ಜಾಸ್ತಿ ಎಳೆದರೆ ಸಾಕು: ರಕ್ತ ತೆಗೆದ ಗಂಟೆ, ನಿನ್ನೆ ರಾತ್ರಿ ಪಾಳಿ ಇತ್ತೇ, ಎರಡು ವಾರದೊಳಗೆ ಇಂಜೆಕ್ಷನ್, ಸ್ಟಿರಾಯ್ಡ್, ನಾಟಿ ಪುಡಿ ಏನಾದರೂ, ಈಗ ಜ್ವರ, ನೋವು ಇದೆಯೇ. ಗಂಟೆ ಯಾಕೆಂದರೆ ಕಾರ್ಟಿಸಾಲ್ ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ತುದಿಗೇರಿ ನಡುರಾತ್ರಿಗೆ ತಳ ಮುಟ್ಟುತ್ತದೆ. ಲಿಂಫೋಸೈಟ್‌ಗಳು ಅದಕ್ಕೆ ಉಲ್ಟಾ, ರಾತ್ರಿ ಜಾಸ್ತಿ. ಬೆಳಗ್ಗೆ ಏಳರ ರಿಪೋರ್ಟನ್ನು ರಾತ್ರಿ ಒಂಬತ್ತರ ರಿಪೋರ್ಟಿನ ಪಕ್ಕ ಇಟ್ಟು ಏರಿತು ಇಳಿಯಿತು ಎನ್ನುವುದರಲ್ಲಿ ಅರ್ಥವಿಲ್ಲ. ರಾತ್ರಿಪಾಳಿಯವರಲ್ಲಿ ಈ ಗಡಿಯಾರವೇ ಕಲಸಿಹೋಗಿರುತ್ತದೆ.

ಮೆಟ್ಟಿಲು ಹತ್ತಿ ಬಂದವರನ್ನು ಹತ್ತು ಹದಿನೈದು ನಿಮಿಷ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ತೋಳಿಗೆ ಪಟ್ಟಿ ಕಟ್ಟಿ. ರಿಪೋರ್ಟು ವಾಟ್ಸಾಪಿಗೆ ಹೋಗುವ ದಿನವೇ ಸಂಘದ ಕಚೇರಿಯಲ್ಲಿ ಸಂಜೆ ಎರಡು ಗಂಟೆ ಹೊತ್ತು ಒಬ್ಬ ಡಾಕ್ಟರನ್ನು ಕೂರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಸಮಾಜದಲ್ಲಿ ಎಂಡಿ ಆದವರಿಗೇನೂ ಬರವಿಲ್ಲ. ಉದ್ಘಾಟನೆಗೆ ದೀಪ ಹಚ್ಚಲು ಹೇಗೂ ಕರೆದಿರುತ್ತೀರಿ.